ಒಂದು ಶಾಲು, ಎರಡು ರೊಟ್ಟಿ

ಧಾರವಾಡದಲ್ಲಿ ನಮ್ಮ ಬಡಾವಣೆಯ ಮಹಿಳಾ ಮಂಡಳದವರು ತಿಂಗಳಿಗೊಮ್ಮೆ ಯಾರನ್ನಾದರೂ ಕರೆದು ಮಾತಾಡಿಸುತ್ತಾರೆ. ಈ ಸಲ ನನ್ನನ್ನು ಕರೆದಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ಪಾಠ ಹೇಳಿದವಳು ನಾನು, ಅದಕ್ಕಿಂತ ಮೊದಲಿಂದಲೂ ಕ್ರೋಶಾ ಕಡ್ಡಿ ಹಿಡಿದವಳು. ಹಾಗಾಗಿ ಎರಡನ್ನೂ ಸೇರಿಸಿ, ಕೂತು ಮಾಡೋ ಕೈಕೆಲಸಕ್ಕೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಮಾತಾಡಿದೆ. ಬರಲಾಗದವರು ಬರೆದು ಕೊಡಿ ಅಂತ ಕೇಳಿದ್ದಕ್ಕೆ, ಆವತ್ತು ಹೇಳಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧ ಜನರ ಮಡಿಲಲ್ಲಿ ಏನಾದರೂ ಕೈಕೆಲಸ ಇದೆ. ದಯವಿಟ್ಟು ಅದನ್ನು ಒಳಗಿಡಬೇಡಿ, ಹೆಣೆಯುತ್ತಲೇ ಕೇಳಿ.

ಮಾತು ಶುರುವಾಗೋ ಮೊದಲು ಇಲ್ಲೇ ಮುಂದಿನ ಸಾಲಿನ ಅಕ್ಕ ಒಬ್ಬರು ತಮ್ಮ ಕೈಗಡಿಯಾರ ತೋರಿಸಿದರು. ಮಗ ಕೊಡಿಸಿದ ಸ್ಮಾರ್ಟ್ ವಾಚು. "ನೋಡ್ರಿ, ಮುಂಜಾನಿಂದ ಎರಡ ತಾಸ ಕುಂತು ಸ್ವೆಟರ್ ಹೆಣದೀನಿ, ಇದು ಎರಡ ಸಾವಿರ ಹೆಜ್ಜಿ ನಡದೀರಿ ಅಂತದ. ಹಂಗಾರ ನಂಗ ವಾಕಿಂಗ್ ಬ್ಯಾಡಲ್ರಿ?" ಅಂತ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಇವತ್ತಿನ ಮಾತೆಲ್ಲ ಅದಕ್ಕೇ ಉತ್ತರ ಅಂತ ತಿಳಿದುಕೊಳ್ಳಿ.

ವಾಚಿನೊಳಗೆ ಅಲುಗಾಟವನ್ನು ಅಳೆಯೋ ಒಂದು ಚಿಕ್ಕ ಚಿಪ್ ಇರುತ್ತದೆ. ನಡೆಯುವಾಗ ಕೈ ಒಂದೇ ಲಯದಲ್ಲಿ ಬೀಸುತ್ತದಲ್ಲ, ಆ ಲಯವನ್ನು ಹಿಡಿದು ಅದು ಹೆಜ್ಜೆ ಲೆಕ್ಕ ಹಾಕುತ್ತದೆ. ಹೆಣೆಯುವಾಗಲೂ ಮಣಿಕಟ್ಟು ಒಂದೇ ಲಯದಲ್ಲಿ ತಿರುಗುತ್ತದೆ. ವಾಚಿಗೆ ಮಣಿಕಟ್ಟು ಮಾತ್ರ ಗೊತ್ತು, ಅಕ್ಕನ ಕಾಲು ಚಾಪೆ ಮೇಲೆ ಮಡಚಿಕೊಂಡಿದೆ ಅನ್ನೋದು ಅದಕ್ಕೆ ಗೊತ್ತಾಗೋದಿಲ್ಲ. ಆ ವಾಚನ್ನು ಹೆಣೆಯೋ ಹೊತ್ತಿಗೆ ಬಿಚ್ಚಿಡಿ, ಅಷ್ಟೇ.

ಹಾಗಾದರೆ ನಿಜವಾಗಿ ಎಷ್ಟು ಕ್ಯಾಲರಿ ಖರ್ಚಾಗುತ್ತದೆ? ಇದನ್ನು ಅಳೆದವರು ಇದ್ದಾರೆ, ಅದೂ ನೂರು ವರ್ಷದ ಹಿಂದೆ. ನನಗೆ ಈ ಕಥೆ ಬಹಳ ಇಷ್ಟ.

ಅಮೆರಿಕದಲ್ಲಿ ವಿಲ್ಬರ್ ಅಟ್‌ವಾಟರ್ ಅಂತ ಒಬ್ಬ ವಿಜ್ಞಾನಿ ಇದ್ದರು. 1890ರ ದಶಕದಲ್ಲಿ ಅವರೂ ಎಡ್ವರ್ಡ್ ರೋಸಾ ಅನ್ನೋ ಭೌತವಿಜ್ಞಾನಿಯೂ ಸೇರಿ ಮನುಷ್ಯ ಒಳಗೆ ಇರಬಹುದಾದ ಒಂದು ಪೆಟ್ಟಿಗೆ ಕಟ್ಟಿದರು. ಪೆಟ್ಟಿಗೆ ಅಂದರೆ ನಮ್ಮ ದೇವರ ಮನೆಯಷ್ಟು ಚಿಕ್ಕ ಕೋಣೆ. ಗೋಡೆಗೆ ತಾಮ್ರದ ತಗಡು. ಒಳಗೆ ಕುರ್ಚಿ, ಮೇಜು, ಮಡಚೋ ಮಂಚ. ಊಟ ಒಂದು ಕಿಂಡಿಯಿಂದ ಒಳಗೆ ಹೋಗುತ್ತದೆ. ಒಳಗಿದ್ದವರ ಮೈಯಿಂದ ಬರೋ ಬಿಸಿಯನ್ನು ಕೊಳವೆಯಲ್ಲಿ ಹರಿಯೋ ತಣ್ಣೀರು ಹೊತ್ತುಕೊಂಡು ಹೋಗುತ್ತದೆ. ನೀರು ಎಷ್ಟು ಬೆಚ್ಚಗಾಯಿತು ಅಂತ ನೋಡಿದರೆ ಮನುಷ್ಯ ಎಷ್ಟು ಶಕ್ತಿ ಸುಟ್ಟ ಅಂತ ಗೊತ್ತಾಗುತ್ತದೆ. ಉಸಿರಿನ ಗಾಳಿಯನ್ನೂ ಅಳೆಯುತ್ತಿದ್ದರು.

ಅಟ್‌ವಾಟರ್ 1907ರಲ್ಲಿ ತೀರಿಕೊಂಡರು. ಆಮೇಲೆ ಅಲ್ಲಿನ ಕೃಷಿ ಇಲಾಖೆಯಲ್ಲಿ ಲ್ಯಾಂಗ್‌ವರ್ದಿ ಮತ್ತು ಬ್ಯಾರಟ್ ಅನ್ನೋ ಇಬ್ಬರು ಇಂಥದ್ದೇ ಕೋಣೆಯಲ್ಲಿ ಒಂದು ಕೆಲಸ ಮಾಡಿದರು. ಅದಕ್ಕೆ ನಾನು ಅವರಿಗೆ ಮನಸಾರೆ ಕೈಮುಗಿಯುತ್ತೇನೆ. ಒಬ್ಬ ಹೆಂಗಸನ್ನು ಒಳಗೆ ಕೂರಿಸಿ, ಮನೆಗೆಲಸ ಮಾಡಿಸಿ ಅಳೆದರು. ಹೆಣಿಗೆ, ಕ್ರೋಶಾ, ಕಸೂತಿ, ಹರಿದ ಬಟ್ಟೆಗೆ ತೇಪೆ, ಇಸ್ತ್ರಿ, ಪಾತ್ರೆ ತೊಳೆಯೋದು, ಕಸ ಗುಡಿಸೋದು. ಅಲ್ಲಿವರೆಗೆ ಬಹುತೇಕ ಗಂಡಸರನ್ನು, ಅದರಲ್ಲೂ ಸೈಕಲ್ ತುಳಿಯೋ ಗಂಡಸರನ್ನು ಅಳೆದ ಲೆಕ್ಕಗಳೇ ಜಾಸ್ತಿ. ಹೆಂಗಸಿನ ಮನೆಗೆಲಸವೂ ಅಳೆಯಬೇಕಾದ ಕೆಲಸ ಅಂತ ಇವರಿಗೆ ಅನ್ನಿಸಿತಲ್ಲ, ಅದು ದೊಡ್ಡದು.

1920ರಲ್ಲಿ ಅವರು ಲೆಕ್ಕ ಪ್ರಕಟಿಸಿದರು. ಸುಮ್ನೆ ಕುರ್ಚಿಯಲ್ಲಿ ಕೂತಿದ್ದಕ್ಕಿಂತ ಹೆಣಿಗೆ, ಕ್ರೋಶಾ, ಕಸೂತಿಗೆ ತಾಸಿಗೆ ಜಾಸ್ತಿ ಬೇಕಾಗಿದ್ದು ಸುಮಾರು 9 ಕ್ಯಾಲರಿ. ನೆಲ ಒರೆಸೋದು, ಗುಡಿಸೋದು, ಬಟ್ಟೆ ಒಗೆಯೋದಕ್ಕೆ ಸುಮಾರು 50.

ಒಂಬತ್ತು ಅಂದರೆ ಎಷ್ಟು ಅಂತ ಕೈಗೆ ಸಿಗಬೇಕಲ್ಲ? ಚಹಾಕ್ಕೆ ಹಾಕೋ ಒಂದು ಚಮಚ ಸಕ್ಕರೆ 5 ಗ್ರಾಂ ಅಂದುಕೊಳ್ಳಿ. ಅದರಲ್ಲಿ 20 ಕ್ಯಾಲರಿ ಇದೆ. ಅಂದರೆ ಎರಡು ತಾಸು ಕ್ರೋಶಾ ಹಾಕಿದರೂ ಒಂದು ಚಮಚ ಸಕ್ಕರೆ ಪೂರ್ತಿ ಕರಗೋದಿಲ್ಲ.

ನಾನು ಕಳೆದ ಚಳಿಗಾಲದಲ್ಲಿ ನನ್ನ ತಂಗಿಗೆ ಒಂದು ಶಾಲು ಹಾಕಿದೆ. ಕೂತಲ್ಲೇ ಒಂದು ಸಣ್ಣ ಲೆಕ್ಕ ಇಟ್ಟಿದ್ದೆ. ನಿಮಿಷಕ್ಕೆ ಹದಿನಾರು ಹದಿನೇಳು ಕುಣಿಕೆ, ತಾಸಿಗೆ ಸುಮಾರು ಸಾವಿರ. ಶಾಲು ಮುಗಿಯೋದಕ್ಕೆ ನಲವತ್ತು ತಾಸು ಹಿಡಿಯಿತು, ನಲವತ್ತು ಸಾವಿರ ಕುಣಿಕೆ. ಲ್ಯಾಂಗ್‌ವರ್ದಿ ಅವರ ಲೆಕ್ಕ ಹಿಡಿದರೆ 360 ಕ್ಯಾಲರಿ. ಐವತ್ತು ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಹತ್ತಿರ ಹತ್ತಿರ 165 ಕ್ಯಾಲರಿ ಇರುತ್ತದೆ. ಅಂದರೆ ಒಂದು ಇಡೀ ಶಾಲು ಅಂದ್ರೆ ಎರಡು ರೊಟ್ಟಿ, ಪಕ್ಕಕ್ಕೆ ಒಂದು ಚಮಚ ಶೇಂಗಾ ಚಟ್ನಿ. ತಿಂಗಳುಗಟ್ಟಲೆ ಸಂಜೆ ಕೂತು ಹಾಕಿದ ಶಾಲಿಗೆ ದೇಹ ಕೇಳಿದ್ದು ಇಷ್ಟೇ. ಮೊದಲ ಸಲ ಈ ಲೆಕ್ಕ ಕಾಗದದ ಮೇಲೆ ಬಂದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮ ದೇಹ ಎಷ್ಟು ಕಡಿಮೆ ಇಸಿದುಕೊಂಡು ಎಷ್ಟು ಕೊಡುತ್ತದೆ ಅಂತ.

ಈಗ ಒಂದು ಗೊಂದಲ ಬಿಡಿಸಬೇಕು. ಮೊಬೈಲಿನಲ್ಲಿ ಹುಡುಕಿದರೆ ಹೆಣಿಗೆಗೆ ತಾಸಿಗೆ 70, 80, 100 ಕ್ಯಾಲರಿ ಅಂತೆಲ್ಲ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಅದರ ಹಿಂದೆ ಇರೋದು ಮೆಟ್ ಅನ್ನೋ ಅಳತೆ. ಆರಾಮಾಗಿ ಸುಮ್ನೆ ಕೂತಾಗ ಖರ್ಚಾಗೋ ಶಕ್ತಿಯನ್ನು 1 ಮೆಟ್ ಅಂತ ಇಟ್ಟುಕೊಳ್ಳುತ್ತಾರೆ, ಅಂದರೆ ಸುಮಾರಾಗಿ ಒಂದು ಕಿಲೋ ತೂಕಕ್ಕೆ ತಾಸಿಗೆ ಒಂದು ಕ್ಯಾಲರಿ. ಬಾರ್ಬರಾ ಐನ್ಸ್‌ವರ್ತ್ ಅನ್ನೋ ವಿಜ್ಞಾನಿಯೂ ಅವರ ಜೊತೆಗಾರರೂ 1993ರಲ್ಲಿ ನೂರಾರು ಕೆಲಸಗಳಿಗೆ ಇಂತಿಷ್ಟು ಮೆಟ್ ಅಂತ ದೊಡ್ಡ ಪಟ್ಟಿ ಮಾಡಿದರು, ಆಮೇಲೆ ಅದನ್ನು ತಿದ್ದುತ್ತಲೇ ಬಂದಿದ್ದಾರೆ. ಅವರ 2011ರ ಪಟ್ಟಿಯಲ್ಲಿ ಕೂತು ಹೆಣೆಯೋದಕ್ಕೆ 1.3 ಇದೆ. ಐವತ್ತೈದು ಕಿಲೋ ತೂಕದವರಿಗೆ ಲೆಕ್ಕ ಹಾಕಿದರೆ ತಾಸಿಗೆ 71 ಚಿಲ್ಲರೆ. ಆದರೆ ಅದರಲ್ಲಿ 55 ನೀವು ಕಡ್ಡಿ ಮುಟ್ಟದೇ ಇದ್ದರೂ ಖರ್ಚಾಗುತ್ತಿತ್ತು. ಎದೆ ಬಡಿಯೋದಕ್ಕೆ, ಉಸಿರಾಟಕ್ಕೆ, ಮೆದುಳಿಗೆ, ಮೈ ಬೆಚ್ಚಗಿಡೋದಕ್ಕೆ. ಕ್ರೋಶಾದ ಪಾಲು ಉಳಿದ ಹದಿನಾರು, ಲ್ಯಾಂಗ್‌ವರ್ದಿ ಅವರ ಒಂಬತ್ತಕ್ಕಿಂತ ಜಾಸ್ತಿ, ಆದರೂ ಸಣ್ಣದೇ. ಅದೇ ಪಟ್ಟಿಯಲ್ಲಿ ಟಿವಿ ನೋಡ್ತಾ ಕೂರೋದಕ್ಕೂ 1.3 ಅಂತಲೇ ಬರೆದಿದೆ. ಸಾಧಾರಣ ವೇಗದ ನಡಿಗೆಗೆ 3.5. ವಾಕಿಂಗ್ ಬ್ಯಾಡಲ್ಲಾ ಅಂತ ಕೇಳಿದ ಅಕ್ಕನಿಗೆ ಉತ್ತರ ಇಲ್ಲಿ ಸಿಕ್ಕಿತು. ವಾಕಿಂಗ್ ಬೇಕು.

ಯಾಕೆ ಇಷ್ಟು ಕಡಿಮೆ? ಬೆರಳು ಚಿಕ್ಕದು, ಹಗುರ. ಅದನ್ನು ಆಡಿಸೋ ಸ್ನಾಯುಗಳೂ ಚಿಕ್ಕವು. ನಿಮ್ಮ ಎಡಗೈಯಿಂದ ಬಲಗೈಯ ಮೊಣಕೈ ಕೆಳಗೆ ಹಿಡಿದುಕೊಂಡು ಬೆರಳು ಆಡಿಸಿ ನೋಡಿ, ಒಳಗೆ ಸಣ್ಣಗೆ ಮಿಡಿಯುತ್ತದಲ್ಲ, ಕೆಲಸ ಮಾಡ್ತಾ ಇರೋದು ಅದೇ. ದೇಹದಲ್ಲಿ ನಿಜವಾಗಿ ಶಕ್ತಿ ಬೇಡೋವು ತೊಡೆ, ಪೃಷ್ಠ, ಬೆನ್ನಿನ ದೊಡ್ಡ ಸ್ನಾಯುಗಳು. ಅವು ಎದ್ದರೆ ಮಾತ್ರ ಖರ್ಚು ಏರುತ್ತದೆ.

ಅದಕ್ಕೇ ಎಲ್ಲ ಕೈಕೆಲಸವೂ ಒಂದೇ ಅಲ್ಲ. ಇಳಕಲ್ಲಿನಲ್ಲಿ ಗುಂಡಿ ಮಗ್ಗದ ಮುಂದೆ ಕೂತವರನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ನೇಕಾರರೂ ಕೂತೇ ಕೆಲಸ ಮಾಡೋದು, ಆದರೆ ಕಾಲು ಗುಂಡಿಯೊಳಗೆ ತುಳಿಗೆ ಒತ್ತುತ್ತಲೇ ಇರುತ್ತವೆ, ಒಂದು ಕೈ ಹಗ್ಗ ಜಗ್ಗಿ ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಎದುರಿನ ಚೌಕಟ್ಟನ್ನು ಎಳೆದು ಬಡಿಯುತ್ತದೆ, ಇಡೀ ಮೈ ಹಿಂದೆ ಮುಂದೆ ಆಡುತ್ತದೆ. ಆ ಪಟ್ಟಿಯಲ್ಲಿ ಮಧ್ಯಮ ಶ್ರಮದ ನೇಯ್ಗೆಗೆ 4 ಮೆಟ್ ಇದೆ, ನಡಿಗೆಗಿಂತ ಜಾಸ್ತಿ. ಕೌದಿ ಹೊಲಿಯೋದೂ ಹಾಗೆ. ಹಳೆ ಸೀರೆ ಪದರ ಪದರ ಹಾಸಿ, ನೆಲದ ಮೇಲೆ ಸರಿದು ಸರಿದು, ಬಗ್ಗಿ, ದಪ್ಪ ಬಟ್ಟೆಗೆ ಸೂಜಿ ಚುಚ್ಚಿ ಎಳೀಬೇಕು. ಅದನ್ನು ಯಾರಾದರೂ ಅಳೆದರೆ ಕ್ರೋಶಾಕ್ಕಿಂತ ಮೇಲೇ ಬರುತ್ತದೆ ಅಂತ ನನ್ನ ನಂಬಿಕೆ, ಯಾಕಂದ್ರೆ ಅಲ್ಲಿ ಸೊಂಟ ಮತ್ತು ತೊಡೆ ಸುಮ್ಮನಿರೋದಿಲ್ಲ. ಕಾಲಲ್ಲಿ ತುಳಿಯೋ ಹಳೇ ಹೊಲಿಗೆ ಮೆಷಿನ್ನೂ ಅಷ್ಟೇ, ಮೋಟರ್ ಹಾಕಿಸಿದ ದಿನದಿಂದ ಕಾಲಿನ ಕೆಲಸ ಹೋಯಿತು.

ಕೂತವರು ಕಾಲು ಅಲ್ಲಾಡಿಸಿದರೆ ಅಜ್ಜಿ ಬೈತಿದ್ದರಲ್ಲ? ಮನೆಗೆ ದರಿದ್ರ ಅಂತ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯಲ್ಲಿದ್ದ ಜೇಮ್ಸ್ ಲೆವೀನ್ ಅದನ್ನೂ ಅಳೆದಿದ್ದಾರೆ. ಕೂತು ಕೈಕಾಲು ಅಲ್ಲಾಡಿಸ್ತಾ ಇದ್ದರೆ, ಸುಮ್ನೆ ಮಲಗಿದ್ದಾಗ ಆಗೋದಕ್ಕಿಂತ ಅರ್ಧಕ್ಕೂ ಜಾಸ್ತಿ ಶಕ್ತಿ ಹೆಚ್ಚಿಗೆ ಖರ್ಚಾಗುತ್ತದೆ. 1999ರಲ್ಲಿ ಅವರು ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಹದಿನಾರು ಜನಕ್ಕೆ ಎಂಟು ವಾರ ದಿನಕ್ಕೆ ಸಾವಿರ ಕ್ಯಾಲರಿ ಜಾಸ್ತಿ ಊಟ ಹಾಕಿದರು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ಮೇಲೆ ಸೇರಿತು. ವ್ಯತ್ಯಾಸ ಇದ್ದಿದ್ದು ವ್ಯಾಯಾಮದಲ್ಲಿ ಅಲ್ಲ. ಏಳೋದು, ಕೂರೋದು, ಓಡಾಡೋದು, ಚಡಪಡಿಸೋದು, ಇಂಥ ಲೆಕ್ಕಕ್ಕೆ ಬಾರದ ಚಲನೆಯಲ್ಲಿ. ಕ್ರೋಶಾವೂ ಆ ಗುಂಪಿಗೇ ಸೇರುತ್ತದೆ, ಆದರೆ ಆ ಗುಂಪಿನ ಬಹಳ ಸಣ್ಣ ಸದಸ್ಯ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ಮಾತಿಗೆ ಬರ್ತೀನಿ. ಒಂಬತ್ತು ಕ್ಯಾಲರಿ ಅಂದ ಕೂಡಲೇ ಇಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು, "ಹಂಗಾರ ನಮಗ ಯಾಕ ಇಷ್ಟ ದಣಿವ ಆಗತದ?" ಅಂದರು. ಅವರು ಕೂಲಿಗೆ ಕಸೂತಿ ಹಾಕೋರು. ದಿನಕ್ಕೆ ಆರೇಳು ತಾಸು.

ದಣಿವಿಗೂ ಕ್ಯಾಲರಿಗೂ ನಾವು ತಿಳಿದುಕೊಂಡಷ್ಟು ಹತ್ತಿರದ ಸಂಬಂಧ ಇಲ್ಲ. ಒಂದು ಸಣ್ಣ ಕೆಲಸ ಮಾಡಿ. ಬಲಗೈಯನ್ನು ಭುಜದ ಎತ್ತರಕ್ಕೆ ಮುಂದೆ ಚಾಚಿ ಹಾಗೇ ಹಿಡೀರಿ. ಏನೂ ಹೊತ್ತಿಲ್ಲ, ಏನೂ ಆಡಿಸ್ತಾ ಇಲ್ಲ. ಎರಡು ನಿಮಿಷ ಕಳೆಯೋದರೊಳಗೆ ಭುಜ ಉರಿಯೋದಕ್ಕೆ ಶುರು. ಕ್ಯಾಲರಿ ಖರ್ಚಾಗಿದ್ದು ನಗಣ್ಯ. ಆದರೆ ಸ್ನಾಯು ಬಿಗಿದೇ ಇದ್ದರೆ ಒಳಗಿನ ಸಣ್ಣ ರಕ್ತನಾಳಗಳು ಒತ್ತಿಕೊಳ್ಳುತ್ತವೆ, ರಕ್ತ ಸರಿಯಾಗಿ ಹೋಗಿ ಬರೋದಿಲ್ಲ. ನಡೆಯುವಾಗ ಸ್ನಾಯು ಬಿಗಿದು ಸಡಿಲವಾಗಿ ಮತ್ತೆ ಬಿಗಿಯುತ್ತದೆ, ಪಂಪಿನ ಹಾಗೆ, ರಕ್ತ ಹರಿಯುತ್ತಲೇ ಇರುತ್ತದೆ. ಹೆಣೆಯುವಾಗ ಬೆರಳಿಗೆ ಆ ಅನುಕೂಲ ಉಂಟು, ಭುಜಕ್ಕೂ ಕುತ್ತಿಗೆಗೂ ಇಲ್ಲ. ಅವು ಬೆರಳಿಗೋಸ್ಕರ ತಾಸುಗಟ್ಟಲೆ ಅಲುಗದೆ ಕಾವಲು ನಿಂತಿರುತ್ತವೆ. ತಲೆ ಸುಮಾರು ಐದು ಕಿಲೋ. ನೆಟ್ಟಗಿದ್ದರೆ ಬೆನ್ನೆಲುಬು ಹೊರುತ್ತದೆ. ಮಡಿಲ ಕಡೆ ಬಗ್ಗಿದರೆ ಹಿಂದಿನಿಂದ ಕುತ್ತಿಗೆಯ ಸ್ನಾಯು ಜಗ್ಗಿ ಹಿಡಿಯಬೇಕು, ಬಗ್ಗಿದಷ್ಟೂ ಭಾರ ಜಾಸ್ತಿ.

ಇನ್ನು ಕಸೂತಿ. ಗವಂತಿ ಹೊಲಿಗೆ ಹಾಕೋರಿಗೆ ಗೊತ್ತು, ಬಟ್ಟೆ ಮೇಲೆ ಗೆರೆ ಬರೆದುಕೊಳ್ಳೋ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಬೇಕು. ನಾಲ್ಕು ಎಳೆ ಬಿಟ್ಟು ಚುಚ್ಚು, ನಾಲ್ಕು ಎಳೆ ಬಿಟ್ಟು ತೆಗೆ. ಸಾಲು ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು, ಗಂಟು ಕಾಣಬಾರದು, ಸೀರೆ ತಿರುವಿದರೆ ಎರಡು ಕಡೆಯೂ ಗೋಪುರದ ಚಿತ್ತಾರ ಒಂದೇ ಥರ ಕಾಣಬೇಕು. ಕಪ್ಪು ಚಂದ್ರಕಾಳಿ ಸೀರೆ ಮೇಲೆ, ಸಂಜೆ ಬೆಳಕಲ್ಲಿ, ಒಂದು ಎಳೆ ತಪ್ಪಿದರೆ ಇಡೀ ಆನೆ ಅಂಬಾರಿ ಬಿಚ್ಚಬೇಕು. ಹತ್ತಿರದ್ದನ್ನೇ ನೋಡ್ತಾ ಇದ್ದರೆ ಕಣ್ಣೊಳಗಿನ ಸ್ನಾಯು ಬಿಗಿದೇ ಇರುತ್ತದೆ, ಗಮನ ಇಟ್ಟಾಗ ರೆಪ್ಪೆ ಬಡಿಯೋದೂ ಕಡಿಮೆ, ಕಣ್ಣು ಒಣಗುತ್ತದೆ. ತಲೆಯೊಳಗೆ ಎಣಿಕೆ ನಡೆದೇ ಇರುತ್ತದೆ.

ಆ ಎಣಿಕೆಗಾದರೂ ಕ್ಯಾಲರಿ ಬೇಡವಾ? ಅದನ್ನೂ ನೋಡಿದ್ದಾರೆ. ಬಾಸ್ಟನ್ನಿನ ಫ್ರಾನ್ಸಿಸ್ ಬೆನೆಡಿಕ್ಟ್, ಅವರ ಹೆಂಡತಿ ಕಾರ್ನೀಲಿಯಾ ಇಬ್ಬರೂ 1930ರಲ್ಲಿ ಜನರಿಗೆ ಕಷ್ಟದ ಲೆಕ್ಕ ಕೊಟ್ಟು ಅಳೆದರು. ಒಂದು ತಾಸು ತಲೆ ಕೆಡಿಸಿಕೊಂಡರೆ ಜಾಸ್ತಿ ಬೇಕಾದ ಶಕ್ತಿ ಅರ್ಧ ಶೇಂಗಾ ಬೀಜದಲ್ಲಿ ಸಿಗುತ್ತದೆ ಅಂತ ಬರೆದರು. ಮೆದುಳು ಹೇಗೂ ದೇಹದ ವಿಶ್ರಾಂತಿ ಖರ್ಚಿನಲ್ಲಿ ಐದನೇ ಒಂದು ಭಾಗ ತಿನ್ನುತ್ತಲೇ ಇರುತ್ತದೆ, ನೀವು ಎಳೆ ಎಣಿಸಿದರೂ ಸರಿ, ಬಿಟ್ಟರೂ ಸರಿ. ಆದರೆ ಪರೀಕ್ಷೆ ಬರೆದು ಬಂದ ಮಗುವಿಗೆ "ನಿನಗೇನು ದಣಿವು, ಅರ್ಧ ಶೇಂಗಾ ಖರ್ಚಾಗಿದೆ" ಅಂತ ಯಾರೂ ಹೇಳೋದಿಲ್ಲ ಅಲ್ವಾ? ಕಸೂತಿ ಹಾಕೋ ಹೆಂಗಸಿಗೆ ಮಾತ್ರ ಹೇಳ್ತಾರೆ. "ಕೂತು ಮಾಡೋ ಕೆಲಸ ತಾನೇ" ಅಂತ. ಕೂಲಿ ಮಾತಾಡುವಾಗ ಈ ಒಂದು ವಾಕ್ಯ ಎಷ್ಟು ಕಡೆ ಕೇಳಿದ್ದೇನೋ. ನನಗೆ ಇದು ತುಂಬಾ ನೋವು ಕೊಡೋ ವಿಷಯ, ಅದಕ್ಕೇ ದನಿ ಸ್ವಲ್ಪ ಏರಿತು. ಬೆವರು ಬರಲಿಲ್ಲ ಅಂದರೆ ದುಡಿಮೆ ಆಗಲಿಲ್ಲ ಅನ್ನೋ ಲೆಕ್ಕ ಇದೆಯಲ್ಲ, ದೇಹದ ಪಾಠ ಕಲಿತ ಯಾರೂ ಅದನ್ನು ಒಪ್ಪೋದಕ್ಕೆ ಆಗೋದಿಲ್ಲ.

ಇನ್ನೊಂದು ತಪ್ಪೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡೋ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1660 ಕ್ಯಾಲರಿ ಬೇಕು, ಮಧ್ಯಮ ಶ್ರಮದವಳಿಗೆ 2130. ಕಸೂತಿ ಹಾಕೋರನ್ನು, ಮಂಗಳೂರು ಕಡೆ ಬೀಡಿ ಕಟ್ಟೋರನ್ನು ಬರೀ ಆ ಕೆಲಸ ನೋಡಿ ಮೊದಲ ಗುಂಪಿಗೆ ಹಾಕಿಬಿಟ್ಟರೆ ಮೋಸ ಆಗುತ್ತದೆ. ಅವರು ಸೂಜಿ ಹಿಡಿಯೋ ಮೊದಲು ನೀರು ತುಂಬಿದ್ದಾರೆ, ಬಟ್ಟೆ ಒಗೆದಿದ್ದಾರೆ, ರೊಟ್ಟಿ ಬಡಿದಿದ್ದಾರೆ. ಸೂಜಿ ಇಟ್ಟ ಮೇಲೆ ಮತ್ತೆ ಅದೇ. ಊಟ ಲೆಕ್ಕ ಹಾಕುವಾಗ ಇಪ್ಪತ್ನಾಲ್ಕು ತಾಸೂ ನೋಡಬೇಕು.

ನನ್ನ ಅನುಭವ ಒಂದು ಹೇಳಿಬಿಡ್ತೀನಿ. ಮೊಮ್ಮಗಳು ಹುಟ್ಟೋ ಮೊದಲು ದುಪಟಿ ಮುಗಿಸಬೇಕು ಅಂತ ದಿನಕ್ಕೆ ಐದಾರು ತಾಸು ಕ್ರೋಶಾ ಹಾಕಿದೆ. ಮೂರನೇ ವಾರಕ್ಕೆ ರಾತ್ರಿ ಎಚ್ಚರ ಆಗೋದು, ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಒಂದು ಕಡೆ ತೋರಿಸಿದೆ. ಹೆಣಿಗೆಯಿಂದ ಏನಾಗುತ್ತದೆ, ವಯಸ್ಸು ಅಂದರು. ಎರಡನೇ ಕಡೆ ಸರಿಯಾಗಿ ಹೇಳಿದರು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗ ಇದೆ. ಬೆರಳು ಮಡಚೋ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಅದರಲ್ಲೇ ಹಾದು ಹೋಗಬೇಕು. ಒಂದೇ ಚಲನೆ ಸಾವಿರಾರು ಸಲ ಮಾಡಿದಾಗ, ಮಣಿಕಟ್ಟು ಮಡಚೇ ಇದ್ದಾಗ, ಒಳಗೆ ಬಾವು ಬಂದು ನರ ಒತ್ತಿಕೊಳ್ಳುತ್ತದೆ. ಆ ಮೂರು ಬೆರಳಿಗೇ ಜೋಮು ಹಿಡಿದರೆ, ರಾತ್ರಿ ಜಾಸ್ತಿ ಆದರೆ, ಸುಮ್ನೆ ಬಿಡಬೇಡಿ, ತೋರಿಸಿ. ನನಗೆ ಕೆಲವು ವಾರ ಕೆಲಸ ನಿಲ್ಲಿಸಿ, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿದ ಮೇಲೆ ಕಡಿಮೆ ಆಯಿತು. ಈಗ ದಪ್ಪ ಹಿಡಿಯ ಕಡ್ಡಿ ಇಟ್ಟುಕೊಂಡಿದ್ದೇನೆ. ಮಡಿಲಲ್ಲಿ ಒಂದು ದಿಂಬು, ಅದರ ಮೇಲೆ ಕೆಲಸ, ಕುತ್ತಿಗೆ ಅಷ್ಟು ಬಗ್ಗೋದಿಲ್ಲ.

ಮತ್ತೆ ಒಂದು ಅಭ್ಯಾಸ. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಡನ್‌ಸ್ಟನ್ ಮತ್ತು ಜೊತೆಗಾರರು ತೂಕ ಜಾಸ್ತಿ ಇರೋ 19 ಜನರನ್ನು ತಾಸುಗಟ್ಟಲೆ ಕೂರಿಸಿ ನೋಡಿದರು. ಇಪ್ಪತ್ತು ನಿಮಿಷಕ್ಕೊಮ್ಮೆ ಬರೀ ಎರಡು ನಿಮಿಷ ಎದ್ದು ನಡೆದ ದಿನ, ಊಟದ ನಂತರ ರಕ್ತದ ಸಕ್ಕರೆ ಏರಿದ್ದು ಕಡಿಮೆ. ಒಂದೇ ಸಮನೆ ಕೂತ ದಿನ ಜಾಸ್ತಿ. ಸಕ್ಕರೆ ಕಾಯಿಲೆ ನಮ್ಮ ಮನೆಮನೆಯಲ್ಲೂ ಇದೆ. ಕ್ರೋಶಾದಿಂದ ತೂಕ ಇಳಿಸೋಣ ಅನ್ನೋ ಆಸೆ ಬಿಟ್ಟು, ಕ್ರೋಶಾವನ್ನೇ ಗಡಿಯಾರ ಮಾಡಿಕೊಳ್ಳಿ. ನನ್ನ ಶಾಲಿನ ಒಂದು ಸಾಲಿಗೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಎರಡು ಸಾಲು ಮುಗಿದರೆ ಏಳೋದು, ಬಾಗಿಲವರೆಗೆ ಹೋಗಿ ದೂರದ ಮರ ನೋಡಿ ಬರೋದು. ಕಾಲಿಗೂ ಆಯಿತು, ಕಣ್ಣಿಗೂ ಆಯಿತು.

ಮನಸ್ಸಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ, ಒಂದೇ ಮಾತು. ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಬೇರೆ ಬೇರೆ ದೇಶದ 3545 ಹೆಣಿಗೆಯವರ ಉತ್ತರ ಪ್ರಕಟಿಸಿದರು. ಹೆಚ್ಚು ಸಲ ಹೆಣೆಯೋರು ಮನಸ್ಸು ಹೆಚ್ಚು ಶಾಂತ ಅಂತ ಹೇಳಿದ್ದರು. ಅದು ಅವರವರೇ ಹೇಳಿದ್ದು, ಅಳೆದಿದ್ದಲ್ಲ. ಆದರೂ ನನಗೆ ನಂಬಿಕೆ ಇದೆ.

ಕೊನೆಗೆ ಒಬ್ಬರು ಕೇಳಿದ್ದು: "ನಮ್ಮ ಅತ್ತಿಯವರಿಗೆ ಎಪ್ಪತ್ತೆಂಟರಿ. ಮೊಣಕಾಲ ನೋವು, ದಿನಾ ಕುಂತು ಕ್ರೋಶಾ ಹಾಕತಾರ. ಬಿಡಸಬೇಕೇನ್ರಿ?"

ಖಂಡಿತ ಬಿಡಿಸಬೇಡಿ. ಆದರೆ ಉಲ್ಲನ್ನಿನ ದೊಡ್ಡ ಉಂಡೆ ಅವರ ಮಡಿಲಲ್ಲಿ ಇಡಬೇಡಿ. ಅರ್ಧ ತಾಸಿಗೆ ಮುಗಿಯೋ ಹಾಗೆ ಚಿಕ್ಕ ಚಿಕ್ಕ ಉಂಡೆ ಸುತ್ತಿ, ಪಡಸಾಲೆಯ ಆ ಕೊನೆಯ ಗೂಡಿನಲ್ಲಿ, ನಿಂತರೆ ಕೈಗೆ ಸಿಗೋ ಎತ್ತರದಲ್ಲಿ ಇಡಿ. ಹೋಗೋ ದಾರಿಯಲ್ಲಿ ಹಿಡಿದುಕೊಳ್ಳೋದಕ್ಕೆ ಒಂದು ಕುರ್ಚಿ ಇರಲಿ. ಉಂಡೆ ಮುಗಿದಾಗ ನೀವು ತಂದು ಕೊಡಬೇಡಿ, ಜೊತೆಗೆ ನಡೀರಿ.

ಹೋದ ವಾರ ಆ ಪ್ರಶ್ನೆ ಕೇಳಿದವರು ಫೋನ್ ಮಾಡಿದ್ದರು. ಅತ್ತೆ ಮೊದಲ ಎರಡು ದಿನ ಸಿಟ್ಟು ಮಾಡಿದರಂತೆ. ಈಗ ಉಂಡೆ ಮುಗಿಯೋ ಮೊದಲೇ ಎದ್ದು ಹೋಗಿ ಮುಂದಿನ ಬಣ್ಣ ಯಾವುದು ಅಂತ ನೋಡಿ ಬರ್ತಾರಂತೆ.